‘ದಿ ಗುಡ್, ದಿ ಬ್ಯಾಡ್ ಆ್ಯಂಡ್ ದಿ ಅಗ್ಲಿ’ ಮಕ್ಕಳಿಗೆ ತೋರಿಸೋದಾ, ಬೇಡವಾ? ಹೆಜ್ಜೆ ಹೆಜ್ಜೆಯಾಗಿ ತೀರ್ಮಾನಿಸುವ ಬಗೆ

ಈ ಹಳೇ ಕೌಬಾಯ್ ಸಿನಿಮಾಕ್ಕೆ ಎನಿಯೋ ಮೊರಿಕೋನೆ ಕೊಟ್ಟ ಆ ಟ್ಯೂನ್ ಗೊತ್ತಲ್ವಾ, ನರಿ ಊಳಿಟ್ಟ ಹಾಗೆ ಶುರುವಾಗುತ್ತದಲ್ಲ, ಅದು? ಸಿನಿಮಾ ನೋಡದ ಮಕ್ಕಳಿಗೂ ಅದು ಬಾಯಿಪಾಠ. ರೀಲ್ಸ್‌ನಲ್ಲಿ ಇಬ್ಬರು ಎದುರುಬದುರು ನಿಂತು ಕಣ್ಣು ಕಿರಿದು ಮಾಡಿದರೆ ಸಾಕು, ಹಿಂದೆ ಅದೇ ಬರುತ್ತದೆ. ಹೋದ ಬೇಸಿಗೆ ರಜೆಯಲ್ಲಿ ನಮ್ಮ ಮನೆಯ ಕಥೆಯೂ ಅಲ್ಲಿಂದಲೇ ಶುರುವಾಯಿತು. "ಅಪ್ಪಾ, ಇದು ಯಾವ ಸಿನಿಮಾದ್ದು?" ಅಂತ ಮಗ ಕೇಳಿದ. ಅವನಿಗೆ 13. ಪಕ್ಕದಲ್ಲಿ ರಜೆಗೆ ಬಂದಿದ್ದ ಅಕ್ಕನ ಮಗ, ಅವನಿಗೆ 9. ನಾನು ಈ ಸಿನಿಮಾ ನೋಡಿದ್ದು ಕಾಲೇಜಿನಲ್ಲಿದ್ದಾಗ. ನೆನಪಿದ್ದದ್ದು ಎರಡೇ: ಸಂಗೀತ, ಮತ್ತೆ ಕೊನೆಗೆ ಸ್ಮಶಾನದಲ್ಲಿ ಮೂವರು ಒಬ್ಬರನ್ನೊಬ್ಬರು ದಿಟ್ಟಿಸುತ್ತ ನಿಲ್ಲುವುದು. ಹಿಂದೆಮುಂದೆ ನೋಡದೆ ಹಾಕಿಬಿಟ್ಟೆ.

ಅರ್ಧ ಗಂಟೆಯೊಳಗೆ ಆಫ್ ಮಾಡಬೇಕಾಯಿತು. ಯಾಕೆ ಅಂತ ಮುಂದೆ ಹೇಳುತ್ತೇನೆ. ಆಮೇಲೆ ಒಬ್ಬನೇ ಕೂತು ಪೂರ್ತಿ ನೋಡಿ, ತೋರಿಸಬೇಕೋ ಬೇಡವೋ ಅಂತ ತೂಗಿ ನೋಡಲು ಒಂದು ಕ್ರಮ ಮಾಡಿಕೊಂಡೆ. ಯಾವ ಹಳೇ ಕೌಬಾಯ್ ಸಿನಿಮಾಕ್ಕಾದರೂ ಈ ಕ್ರಮ ಆಗುತ್ತದೆ. ಇಲ್ಲಿ ಮಾತ್ರ ಇದೊಂದನ್ನೇ ಹಿಡಿದು ಹೇಳುತ್ತೇನೆ.

1. ಯಾವ ಪ್ರಿಂಟ್ ಅಂತ ಮೊದಲು ನೋಡಿ

ಸರ್ಜಿಯೋ ಲಿಯೋನೆ ನಿರ್ದೇಶನದ ಈ ಸಿನಿಮಾ ಇಟಲಿಯಲ್ಲಿ ಬಿಡುಗಡೆಯಾಗಿದ್ದು 1966ರ ಡಿಸೆಂಬರ್‌ನಲ್ಲಿ. ಅಮೆರಿಕಕ್ಕೆ ಬಂದಿದ್ದು ಒಂದು ವರ್ಷ ಬಿಟ್ಟು, ಒಂದಷ್ಟು ಕತ್ತರಿ ಹಾಕಿಸಿಕೊಂಡು. ಅಮೆರಿಕದ ಪ್ರಿಂಟ್ 161 ನಿಮಿಷ. ಆಮೇಲೆ 2003ರಲ್ಲಿ ಬಿಟ್ಟುಹೋದ ದೃಶ್ಯಗಳನ್ನು ಸೇರಿಸಿದ ಇಂಗ್ಲಿಷ್ ಪ್ರಿಂಟ್ ಬಂತು, ಅದು ಹತ್ತಿರ ಹತ್ತಿರ 3 ಗಂಟೆ. ಸೇರಿಸಿದ ದೃಶ್ಯಗಳಿಗೆ ‘ಗುಡ್’ ಪಾತ್ರದ ಕ್ಲಿಂಟ್ ಈಸ್ಟ್‌ವುಡ್ ಮತ್ತು ‘ಅಗ್ಲಿ’ ಪಾತ್ರದ ಈಲೈ ವಾಲಾಕ್ ಇಳಿವಯಸ್ಸಿನಲ್ಲಿ ಮತ್ತೆ ದನಿ ಕೊಟ್ಟರು. ‘ಬ್ಯಾಡ್’ ಆದ ಲೀ ವಾನ್ ಕ್ಲೀಫ್ 1989ರಲ್ಲೇ ತೀರಿಕೊಂಡಿದ್ದರಿಂದ ಅವರಿಗೆ ಬೇರೆಯವರ ದನಿ. ಕಿವಿ ಚುರುಕಿರುವ ಮಕ್ಕಳು "ಇವನ ವಾಯ್ಸ್ ಯಾಕೆ ಚೇಂಜ್ ಆಯ್ತು?" ಅಂತ ಕೇಳಿಯೇ ಕೇಳುತ್ತಾರೆ.

ಉದ್ದ ಯಾಕೆ ಮುಖ್ಯ ಅಂದರೆ, ಈ ಸಿನಿಮಾದ ಹಿಂಸೆ ಇರುವುದೇ ಕಾಯಿಸುವುದರಲ್ಲಿ. ಮೊದಲ ಹತ್ತು ನಿಮಿಷ ಮಾತೇ ಇಲ್ಲ. ಬೆವರಿದ ಮುಖ, ನೊಣ, ಗಾಳಿ, ಬೂಟಿನ ಸದ್ದು, ಅಷ್ಟೇ. ಆಮೇಲೆ ಒಂದೇ ಸಲಕ್ಕೆ ಢಂ ಅನ್ನುತ್ತದೆ. ಹತ್ತು ಸೆಕೆಂಡಿಗೊಂದು ಗುಂಡು ಹಾರುವ ಈಗಿನ ಆ್ಯಕ್ಷನ್ ಸಿನಿಮಾಕ್ಕೆ ಒಗ್ಗಿದ ಮಕ್ಕಳು ಇಲ್ಲಿ ಒಂದೋ ಬೇಸತ್ತು ಮೊಬೈಲ್ ಹಿಡಿಯುತ್ತಾರೆ, ಇಲ್ಲವೇ ಎದೆ ಬಿಗಿಹಿಡಿದು ಕೂತುಬಿಡುತ್ತಾರೆ. ಎರಡನೇ ಥರದ ಮಗುವಿನ ಬಗ್ಗೆಯೇ ನಾವು ಜಾಸ್ತಿ ಯೋಚನೆ ಮಾಡಬೇಕಾದದ್ದು.

2. ಸರ್ಟಿಫಿಕೇಟ್ ನೋಡಿ, ಆದರೆ ಅದನ್ನೇ ನೆಚ್ಚಿಕೊಳ್ಳಬೇಡಿ

ಅಮೆರಿಕದಲ್ಲಿ ಇದಕ್ಕೆ ‘ಆರ್’ ಇದೆ, ಅಂದರೆ 17 ತುಂಬದವರು ದೊಡ್ಡವರ ಜೊತೆಗೇ ನೋಡಬೇಕು. ಆದರೆ ವಯಸ್ಸು ನೋಡಿ ಚೀಟಿ ಅಂಟಿಸುವ ಈ ಪದ್ಧತಿ ಅಲ್ಲಿ ಶುರುವಾಗಿದ್ದೇ 1968ರ ನವೆಂಬರ್‌ನಲ್ಲಿ, ಸಿನಿಮಾ ಬಂದ ಮೇಲೆ. ಅದಕ್ಕೂ ಮೊದಲು, 1934ರಿಂದ, ಹಾಲಿವುಡ್‌ನಲ್ಲಿ ಎಲ್ಲ ಸಿನಿಮಾಕ್ಕೂ ಒಂದೇ ಕಟ್ಟುಪಾಡು ಇತ್ತು. ಆ ಕಾಲದ ಕೌಬಾಯ್ ಸಿನಿಮಾಗಳಲ್ಲಿ ಗುಂಡು ತಗುಲಿದವನು ಎದೆ ಹಿಡಿದುಕೊಂಡು ಬೀಳುತ್ತಾನೆ. ರಕ್ತ ಕಾಣುವುದು ಅಪರೂಪ. ಲಿಯೋನೆ ಇಟಲಿಯವನು, ಚಿತ್ರೀಕರಣ ಹೆಚ್ಚಾಗಿ ನಡೆದಿದ್ದು ಸ್ಪೇನಿನಲ್ಲಿ. ಹಾಲಿವುಡ್‌ನ ಆ ಕಟ್ಟುಪಾಡು ಅವನ ತಲೆ ಮೇಲೆ ಇರಲಿಲ್ಲ.

ಒಂದೇ ಸಿನಿಮಾಕ್ಕೆ ಕಾಲಕಾಲಕ್ಕೆ ಬೇರೆ ಬೇರೆ ಚೀಟಿ ಬೀಳುವುದೂ ಉಂಟು. ಸ್ಯಾಮ್ ಪೆಕಿನ್‌ಪಾನ ‘ದಿ ವೈಲ್ಡ್ ಬಂಚ್’ 1969ರಲ್ಲಿ ‘ಆರ್’ ಪಡೆದಿತ್ತು. 1993ರಲ್ಲಿ ಮರುಬಿಡುಗಡೆಗೆ ಅಂತ ಮತ್ತೆ ಕಳಿಸಿದಾಗ ‘17ರ ಒಳಗಿನವರಿಗೆ ಪ್ರವೇಶವೇ ಇಲ್ಲ’ ಅನ್ನುವ ಎನ್‌ಸಿ-17 ಕೊಟ್ಟರು, ಆಮೇಲೆ ತಿರುಗಿ ‘ಆರ್’ ಆಯಿತು.

ನಮ್ಮಲ್ಲಿ ಮೊದಲು ಸಾಮಾನ್ಯ ಪ್ರೇಕ್ಷಕರ ಸಿನಿಮಾಗಳಿಗೆ ಯು, ಯುಎ, ಎ ಅಷ್ಟೇ ಇದ್ದದ್ದು. 2023ರ ತಿದ್ದುಪಡಿಯಲ್ಲಿ ಯುಎಯನ್ನು 7+, 13+, 16+ ಅಂತ ಮೂರು ಮಾಡಿದರು. ಓಟಿಟಿಗೆ 2021ರ ನಿಯಮದಲ್ಲೇ ಈ ಭಾಗ ಬಂದಿತ್ತು. 13+ ಮತ್ತು ಅದಕ್ಕಿಂತ ಮೇಲಿನದಕ್ಕೆ ಲಾಕ್ ಸೌಲಭ್ಯ ಕೊಡಲೇಬೇಕು ಅಂತಲೂ ಇದೆ. ಈ ಲಾಕ್ ಹಾಕಿಡಿ, ಹಾಕಿದ ಪಿನ್ ಮಗನ ಹುಟ್ಟಿದ ದಿನ ಆಗಿರದಂತೆ ನೋಡಿಕೊಳ್ಳಿ. ನಮ್ಮನೆಯಲ್ಲಿ ಅದೇ ಆಗಿತ್ತು.

ಚೀಟಿಯಲ್ಲಿ ‘ಹಿಂಸೆ’ ಅಂತ ಒಂದು ಪದ ಇರುತ್ತದೆ. ಯಾರಿಗೆ ನೋವಾಗುತ್ತಿದೆ, ಆಗ ಯಾರು ನಗುತ್ತಿದ್ದಾರೆ ಅನ್ನುವುದು ಅದರಲ್ಲಿ ಇರುವುದಿಲ್ಲ. ಅದನ್ನು ನಾವೇ ನೋಡಬೇಕು.

3. ಒಬ್ಬರೇ ನೋಡಿ, ಕೈಯಲ್ಲಿ ಪೆನ್ನು ಇರಲಿ

ಈ ಕೆಲಸಕ್ಕೆ ಅಡ್ಡದಾರಿ ಇಲ್ಲ. ಹಿಂದೆ ನೋಡಿದ್ದೇನೆ ಅನ್ನುವುದು ಲೆಕ್ಕಕ್ಕಿಲ್ಲ, ನನ್ನ ಗತಿಯೇ ಸಾಕ್ಷಿ. ಟ್ರೇಲರ್ ನೋಡುವುದೂ ಬೇಡ, ಅದರಲ್ಲಿ ಇರುವುದೆಲ್ಲ ಕುದುರೆ, ಪಿಸ್ತೂಲು.

ಮಕ್ಕಳು ಮಲಗಿದ ಮೇಲೆ ಹಾಕಿ. ಒಂದು ಹಳೇ ನೋಟ್‌ಬುಕ್ ತಗೊಳ್ಳಿ. ಯಾರಿಗಾದರೂ ನೋವಾಗುವ ದೃಶ್ಯ ಬಂದಾಗೆಲ್ಲ ಎಷ್ಟನೇ ನಿಮಿಷ ಅಂತ ಬರೆದು, ಮುಂದೆ ನಾಲ್ಕು ಮಾತು ಗೀಚಿ: ಏಟು ತಿಂದವನು ಯಾರು (ಇನ್ನೊಬ್ಬ ಪಿಸ್ತೂಲಿನವನೋ, ಏನೂ ಮಾಡದವನೋ), ಕ್ಯಾಮೆರಾ ಎಷ್ಟು ಹೊತ್ತು ಅಲ್ಲೇ ನಿಂತಿತು, ಆಗ ನಗುತ್ತಿರುವವರು ಯಾರು, ಆಮೇಲೆ ಅದರ ಬಗ್ಗೆ ಯಾರಾದರೂ ಮರುಗಿದರಾ. ಹೆಣ ಎಣಿಸಬೇಡಿ, ಎಣಿಸಿ ಪ್ರಯೋಜನ ಇಲ್ಲ. ಈ ಸಿನಿಮಾದ ಸೇತುವೆ ಯುದ್ಧದಲ್ಲಿ ಎಷ್ಟೋ ಜನ ಸಾಯುತ್ತಾರೆ. ಮಕ್ಕಳಿಗೆ ಅದು ದೂರದ ಗದ್ದಲ, ಅಷ್ಟೇ. ಒಂದು ಊಟದ ಮೇಜಿನ ಮುಂದೆ ಬರೀ ಇಬ್ಬರು ಸಾಯುತ್ತಾರೆ, ಅದು ವಾರಗಟ್ಟಲೆ ತಲೆಯಲ್ಲಿ ಉಳಿಯುತ್ತದೆ.

ಆ ಊಟದ ಮೇಜಿನ ಹತ್ತಿರವೇ ನಾನು ಟಿವಿ ಆಫ್ ಮಾಡಿದ್ದು. ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಒಂದು ಒಂಟಿ ಮನೆ. ಅಂಗಳದಲ್ಲಿ ನೀರೆತ್ತುವ ಚಕ್ರ, ಅದನ್ನು ಸುತ್ತುವ ಕತ್ತೆಯ ಮೇಲೆ ಒಬ್ಬ ಚಿಕ್ಕ ಹುಡುಗ. ದೂರದಲ್ಲಿ ಕುದುರೆ ಸವಾರನೊಬ್ಬ ಬರುತ್ತಿದ್ದಾನೆ. ಹುಡುಗ ನೋಡುತ್ತಾನೆ, ಇಳಿದು ಒಳಗೆ ಓಡುತ್ತಾನೆ. ಸವಾರ ಏಂಜಲ್ ಐಸ್, ಅಂದರೆ ಹೆಸರಿನಲ್ಲಿರುವ ‘ಕೆಟ್ಟವನು’. ಒಳಗೆ ಬಂದು, ಮನೆಯ ಯಜಮಾನನ ಎದುರು ಕೂತು, ಬಟ್ಟಲಿಗೆ ಬಡಿಸಿಕೊಂಡು ಊಟ ಶುರು ಮಾಡುತ್ತಾನೆ. ಹೆಂಡತಿಯನ್ನೂ ಹುಡುಗನನ್ನೂ ಯಜಮಾನ ಕಣ್ಣಿನಲ್ಲೇ ಒಳಗೆ ಕಳಿಸಿದ್ದಾನೆ. ತುಂಬ ಹೊತ್ತು ಮಾತಿಲ್ಲ, ಬರೀ ಅಗಿಯುವುದು, ನೋಡುವುದು. ಆಮೇಲೆ ವ್ಯವಹಾರದ ಮಾತು. ಯಜಮಾನ ತನ್ನನ್ನು ಉಳಿಸಿಕೊಳ್ಳಲು 1000 ಡಾಲರ್ ಇಡುತ್ತಾನೆ. ಇವನು ದುಡ್ಡನ್ನೂ ಇಟ್ಟುಕೊಂಡು ಮೇಜಿನ ಕೆಳಗಿಂದಲೇ ಗುಂಡು ಹೊಡೆಯುತ್ತಾನೆ. ಬಂದೂಕು ಹಿಡಿದು ಇಳಿದ ದೊಡ್ಡ ಮಗನನ್ನೂ ಬಿಡುವುದಿಲ್ಲ. ಆಮೇಲೆ ತಾಯಿ ಬಂದು ನೋಡುತ್ತಾಳೆ, ಆ ಚಿಕ್ಕ ಹುಡುಗನೂ.

ರಕ್ತ ಇಲ್ಲ ಅಂತಲೇ ಹೇಳಬಹುದು. ನಾವು ಮೂವರೂ ಚಿತ್ರಾನ್ನದ ತಟ್ಟೆ ಹಿಡಿದು ಕೂತಿದ್ದೆವು. ಅಕ್ಕನ ಮಗ ತಟ್ಟೆ ಕೆಳಗಿಟ್ಟ. "ಮಾಮ, ಆ ಕತ್ತೆ ಮೇಲಿದ್ದ ಹುಡುಗ ಆಮೇಲೆ ಏನಾದ?" ಅಂದ. ನನ್ನ ಹತ್ತಿರ ಉತ್ತರ ಇರಲಿಲ್ಲ. ಸಿನಿಮಾದ ಹತ್ತಿರವೂ ಇಲ್ಲ, ಅವನು ಮತ್ತೆ ಬರುವುದೇ ಇಲ್ಲ. ಆ ರಾತ್ರಿ ಮೂರು ಸಲ ಎದ್ದು ಮುಂಬಾಗಿಲ ಚಿಲಕ ಹಾಕಿದೆಯಾ ಅಂತ ನೋಡಿದ. ಬೆಳಗ್ಗೆ ಫೋನಿನಲ್ಲಿ ಅಕ್ಕ, "ನಿಂಗೆ ಬುದ್ಧಿ ಇಲ್ವೇನೋ, ಅವನಿಗೆ ತೋರಿಸೋ ಸಿನಿಮಾನಾ ಅದು?" ಅಂತ ಮಂಗಳಾರತಿ ಎತ್ತಿದಳು. ನ್ಯಾಯವೇ.

ಆ ವಯಸ್ಸಿನ ಮಗು ಪರದೆಯ ಮೇಲೆ ತನ್ನಂಥವರನ್ನು ಹುಡುಕುತ್ತದೆ. ನಾವು ಹೀರೋನನ್ನು ನೋಡುತ್ತಿರುತ್ತೇವೆ, ಅದು ಕತ್ತೆ ಮೇಲಿನ ಹುಡುಗನನ್ನು ನೋಡುತ್ತಿರುತ್ತದೆ. ಅದಕ್ಕೇ ನನ್ನ ನೋಟ್‌ಬುಕ್ಕಿನಲ್ಲಿ ಈಗ ಇನ್ನೊಂದು ಕಾಲಂ ಇದೆ: ‘ಮಗು ಇದೆಯಾ? ಮನೆ ಒಳಗಾ?’ ಹಳೇ ಕೌಬಾಯ್ ಸಿನಿಮಾಗಳಲ್ಲಿ ಇದಕ್ಕೆ ಗುರುತು ಹಾಕಬೇಕಾದ ಜಾಗ ನೀವು ಅಂದುಕೊಂಡದ್ದಕ್ಕಿಂತ ಜಾಸ್ತಿ ಸಿಗುತ್ತದೆ. ಲಿಯೋನೆಯ ಮುಂದಿನ ಸಿನಿಮಾ, 1968ರ ‘ಒನ್ಸ್ ಅಪಾನ್ ಎ ಟೈಮ್ ಇನ್ ದಿ ವೆಸ್ಟ್’ನಲ್ಲಿ ಒಂದು ಕುಟುಂಬ ಅಂಗಳದಲ್ಲಿ ಸಾಯುತ್ತದೆ, ಕೊನೆಗೆ ಉಳಿದ ಪುಟ್ಟ ಹುಡುಗನನ್ನೂ ಬಿಡುವುದಿಲ್ಲ. ಎಲ್ಲೋ ನೋಡಿದ ಹಾಗಿದೆ ಅನಿಸಿತಾ? ನಮ್ಮ ರಾಮನಗರದ ಬಂಡೆಗಳ ನಡುವೆ ತೆಗೆದ ‘ಶೋಲೆ’ಯಲ್ಲಿ ಠಾಕೂರ್ ಕುಟುಂಬದ ದೃಶ್ಯ ಅದರ ನೆರಳೇ. ಅದನ್ನು ನಾವೆಲ್ಲ ಚಿಕ್ಕವರಿದ್ದಾಗ ನೋಡಿದ್ದೇವೆ, ನಮಗೇನಾಯ್ತು ಅನ್ನುವವರು ಇದ್ದಾರೆ. ನಿಜ ಹೇಳಿ, ಆ ಉಯ್ಯಾಲೆಯ ಕಿರ್ರೋ ಸದ್ದು ನಿಮಗೆ ಇವತ್ತಿಗೂ ಮರೆತಿದೆಯಾ?

4. ಇನ್ನೂ ಎರಡು ದೃಶ್ಯ, ಬೇರೆ ಬೇರೆ ಕಾರಣಕ್ಕೆ

ಕೈದಿಗಳ ಶಿಬಿರ. ಟೂಕೋನನ್ನು (ವಾಲಾಕ್ ಮಾಡಿದ ಪಾತ್ರ, ಹೆಸರಿನಲ್ಲಿರುವ ‘ಅಗ್ಲಿ’) ಒಳಗೆ ಕರೆದು ಊಟ ಕೊಟ್ಟು, ಆಮೇಲೆ ಬಾಯಿ ಬಿಡಿಸಲು ಹೊಡೆಸುತ್ತಾರೆ. ಅವನ ಕೂಗು ಹೊರಗೆ ಕೇಳಬಾರದು ಅಂತ ಹೊರಗೆ ಕೈದಿಗಳಿಂದಲೇ ವಾದ್ಯ ನುಡಿಸುತ್ತಾರೆ. ಒಳಗೆ ಏಟು, ಹೊರಗೆ ಕಣ್ಣೀರು ಹಾಕುತ್ತ ಪಿಟೀಲು ನುಡಿಸುವವನು. ಸಿನಿಮಾದ ಅತಿ ಕ್ರೂರ ಜಾಗ ಇದೇ, ಅತಿ ಒಳ್ಳೆಯ ಜಾಗವೂ ಇದೇ ಅಂತ ನನ್ನ ಅಭಿಪ್ರಾಯ. ಹಿಂಸೆ ಇಲ್ಲಿ ತಮಾಷೆ ಅಲ್ಲ, ನೋಡುವವನಿಗೂ ನೋವಾಗುತ್ತದೆ. 14-15ರ ಹುಡುಗನಿಗೆ ಇದು ಅರ್ಥವಾಗುತ್ತದೆ. 10ರ ಹುಡುಗನಿಗೆ ಕಣ್ಣಿಗೆ ಬೆರಳು ಹಾಕುವುದು ಮಾತ್ರ ಕಾಣುತ್ತದೆ.

ಇನ್ನೊಂದು, ಮರಳುಗಾಡು. ಟೂಕೋ ಕುದುರೆ ಮೇಲೆ ಹೆಂಗಸರ ಕೊಡೆ ಹಿಡಿದು ಕೂತು, ನೀರು ಕುಡಿಯುತ್ತ ನಗುತ್ತಾನೆ. ಈಸ್ಟ್‌ವುಡ್ ನೀರಿಲ್ಲದೆ ನಡೆದು ನಡೆದು ಮುಖವೆಲ್ಲ ಬೊಬ್ಬೆ ಎದ್ದು ಬೀಳುತ್ತಾನೆ. ಕಷ್ಟ ಏನೆಂದರೆ ಟೂಕೋ ನಗಿಸುತ್ತಾನೆ. ಮಕ್ಕಳೂ ನಗುತ್ತಾರೆ. ಸ್ನಾನದ ತೊಟ್ಟಿಯಲ್ಲಿ ಕೂತೇ ನೊರೆಯೊಳಗಿಂದ ಗುಂಡು ಹಾರಿಸುವ ಜಾಗದಲ್ಲಂತೂ ನನ್ನ ಮಗ ಬಿದ್ದು ಬಿದ್ದು ನಕ್ಕ (ಅದು ಆಮೇಲೆ, ಎರಡನೇ ಸಲ ತೋರಿಸಿದಾಗ). ನಕ್ಕರೆ ತಪ್ಪಲ್ಲ. ಆದರೆ ನಗು ಬಂದ ಜಾಗವನ್ನೂ ನೋಟ್‌ಬುಕ್ಕಿನಲ್ಲಿ ಬರೆದಿಡಿ, ಮಾತಿಗೆ ಬೇಕಾಗುತ್ತದೆ.

5. ಪಿಸ್ತೂಲಿಗಿಂತ ಹಗ್ಗಕ್ಕೆ ಹೆದರಿ

ಇದನ್ನ ಎಷ್ಟೋ ಜನ ಲೆಕ್ಕಕ್ಕೇ ತಗೊಳ್ಳುವುದಿಲ್ಲ. ಈ ಸಿನಿಮಾದಲ್ಲಿ ಟೂಕೋನ ಕುತ್ತಿಗೆಗೆ ಮತ್ತೆ ಮತ್ತೆ ನೇಣು ಬೀಳುತ್ತದೆ, ಕೊನೆ ಗಳಿಗೆಯಲ್ಲಿ ಈಸ್ಟ್‌ವುಡ್ ದೂರದಿಂದ ಹಗ್ಗಕ್ಕೆ ಗುಂಡು ಹೊಡೆದು ಉಳಿಸುತ್ತಾನೆ. ಟೂಕೋನನ್ನು ಹಿಡಿದುಕೊಟ್ಟು ಬಹುಮಾನದ ದುಡ್ಡು ತಗೊಳ್ಳುವುದು, ಆಮೇಲೆ ಹೀಗೆ ಬಿಡಿಸಿಕೊಳ್ಳುವುದು, ಅದು ಅವರಿಬ್ಬರ ದಂಧೆ. ಕೊನೆಯ ದೃಶ್ಯದಲ್ಲೂ ಅದೇ ಹಗ್ಗ. ಅಂದರೆ ನೇಣು ಇಲ್ಲಿ ಒಂದು ಆಟದ ಹಾಗೆ ಕಾಣುತ್ತದೆ, ಪ್ರತಿ ಸಲವೂ ಟೂಕೋ ಉಳಿಯುತ್ತಾನೆ.

ನಮ್ಮ ಮನೆಗಳಲ್ಲಿ ಪಿಸ್ತೂಲು ಇಲ್ಲ. ಹಗ್ಗ ಇದೆ, ವೇಲ್ ಇದೆ, ಸೀರೆ ಕಟ್ಟಿದ ಜೋಲಿ ಇದೆ. ಟಿವಿಯಲ್ಲಿ ಕಂಡ ನೇಣನ್ನು ಅನುಕರಿಸಲು ಹೋಗಿ ಮಕ್ಕಳು ಪ್ರಾಣ ಕಳೆದುಕೊಂಡ ಸುದ್ದಿ ನಮ್ಮ ಪತ್ರಿಕೆಗಳಲ್ಲೇ ಬಂದಿದೆ. ಹಾಗಾಗಿ ಕಂಡದ್ದನ್ನೆಲ್ಲ ಆಡಿ ನೋಡುವ ವಯಸ್ಸಿನ ಮಗು ಮನೆಯಲ್ಲಿದ್ದರೆ, ನನ್ನ ಲೆಕ್ಕದಲ್ಲಿ ಇದೊಂದೇ ಕಾರಣಕ್ಕೆ ಈ ಸಿನಿಮಾ ಬೇಡ. ಚರ್ಚೆಯೇ ಬೇಡ. ದೊಡ್ಡ ಮಗ ನೋಡುವಾಗ ಚಿಕ್ಕದು ಪಕ್ಕದಲ್ಲಿ ಆಡುತ್ತಿರುತ್ತದಲ್ಲ, ಅದೂ ಬೇಡ.

ಉಳಿದದ್ದನ್ನು ಬೇಗ ಹೇಳಿಬಿಡುತ್ತೇನೆ. ಚುಟ್ಟಾ ಉದ್ದಕ್ಕೂ ಇದೆ. ಹೆಣ್ಣು ಪಾತ್ರಗಳು ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ, ಇದ್ದವರಲ್ಲೂ ಒಬ್ಬಳಿಗೆ ಏಟು ಬೀಳುತ್ತದೆ. ಅಮೆರಿಕದ ಅಂತರ್ಯುದ್ಧದ ಕಥೆಯಾದರೂ ಗುಲಾಮಗಿರಿಯ ಸುದ್ದಿಯೇ ಇಲ್ಲ, ಅದನ್ನು ನೀವೇ ಹೇಳಬೇಕು. ಸಬ್‌ಟೈಟಲ್ ಓದಿಕೊಂಡು ನೋಡುವ ಮಗುವಾದರೆ ಅದರ ಓದಿನ ವೇಗವನ್ನೂ ನೋಡಿಕೊಳ್ಳಿ.

6. ಈಗ ಮಗುವಿನ ಕಡೆ ತಿರುಗಿ

ವಯಸ್ಸು ಒಂದು ಅಂದಾಜು, ಅಷ್ಟೇ. ನನ್ನ ಅಂದಾಜು ಹೀಗಿದೆ: 10ರೊಳಗೆ ಬೇಡ. 10ರಿಂದ 12, ಸಾಮಾನ್ಯವಾಗಿ ಬೇಡ, ಯಾಕೆಂದರೆ ಸಿಗುವುದಕ್ಕಿಂತ ಕಳೆದುಕೊಳ್ಳುವುದು ಜಾಸ್ತಿ. 13-14, ಜೊತೆಯಲ್ಲಿ ಕೂತು, ಮಗು ನೋಡಿ. 15-16ಕ್ಕೆ ಸಲೀಸು.

‘ಮಗು ನೋಡಿ’ ಅಂದೆನಲ್ಲ, ಏನು ನೋಡುವುದು? ಮೂರು ವಿಷಯ ಗಮನಿಸಿ. ಭಯವಾದರೆ ಬಾಯಿ ಬಿಟ್ಟು ಹೇಳುತ್ತದಾ, ಇಲ್ಲ ಗೆಳೆಯರ ಮುಂದೆ ಮರ್ಯಾದೆ ಹೋಗುತ್ತದೆ ಅಂತ ನುಂಗಿಕೊಳ್ಳುತ್ತದಾ? ನುಂಗಿಕೊಳ್ಳುವ ಮಗುವಿಗೆ ಇನ್ನೊಂದು ವರ್ಷ ತಡೆಯಿರಿ. ಎರಡನೆಯದು, ಇತ್ತೀಚೆಗೆ ಮನೆಯಲ್ಲಿ ಸಾವೋ ಜಗಳವೋ ಆಗಿದೆಯಾ? ಮೂರನೆಯದು, ಹೀರೋ ಕೆಟ್ಟ ಕೆಲಸ ಮಾಡಿದಾಗ ಅದು ಕೆಟ್ಟದ್ದು ಅಂತ ಮಗುವಿಗೆ ಅನಿಸುತ್ತದಾ? ಈ ಸಿನಿಮಾದ ‘ಒಳ್ಳೆಯವನು’ ಗೆಳೆಯನನ್ನೇ ಮರಳುಗಾಡಿನಲ್ಲಿ ಬಿಟ್ಟು ಹೋಗುತ್ತಾನೆ, ಅವನು ಬಡಿದಾಡುವುದೂ 2 ಲಕ್ಷ ಡಾಲರ್ ಚಿನ್ನಕ್ಕಾಗಿ. ಹೆಸರಿನಲ್ಲಿರುವ ಆ ಕುಹಕ ತಿಳಿಯದಿದ್ದರೆ, ‘ಗುಡ್’ ಅಂದರೆ ಬೇಗ ಗುಂಡು ಹಾರಿಸುವವನು ಅಂತಲೇ ಆಗುತ್ತದೆ.

"ಅವನು ಮೊಬೈಲಿನಲ್ಲಿ ದಿನಾ ಗುಂಡು ಹಾರಿಸ್ತಾನೆ, ಇದೇನು ಮಹಾ" ಅನ್ನುವ ವಾದ ನನಗೆ ಒಪ್ಪಿಗೆಯಿಲ್ಲ. ಗೇಮ್‌ನಲ್ಲಿ ಸತ್ತವನ ಮುಖದ ಮೇಲೆ ಕ್ಯಾಮೆರಾ ನಿಲ್ಲುವುದಿಲ್ಲ. ಲಿಯೋನೆ ನಿಲ್ಲಿಸುತ್ತಾನೆ, ಪರದೆ ತುಂಬ.

7. ನೇರ ಇದಕ್ಕೇ ಕೈ ಹಾಕಬೇಡಿ

ಮೊದಲು 1952ರ ‘ಹೈ ನೂನ್’ ಹಾಕಿ. ಕಪ್ಪುಬಿಳುಪು, 85 ನಿಮಿಷ, ಗುಂಡಿನ ಚಕಮಕಿ ಮುಖ್ಯವಾಗಿ ಕೊನೆಯಲ್ಲಿ. ಗಡಿಯಾರ ನೋಡುತ್ತ ಕಾಯುವುದೇ ಕಥೆ, ಹಾಗಾಗಿ ನಿಮ್ಮ ಮಗು ಕಾಯಿಸುವ ಸಿನಿಮಾ ತಡೆದುಕೊಳ್ಳುತ್ತದಾ ಅನ್ನುವುದೂ ಗೊತ್ತಾಗುತ್ತದೆ. ಆಮೇಲೆ 1953ರ ‘ಶೇನ್’, ಒಬ್ಬ ಪುಟ್ಟ ಹುಡುಗನ ಕಣ್ಣಿನಲ್ಲಿ ನಡೆಯುವ ಕಥೆ. ಅದರಲ್ಲಿ ಕೆಸರಿನಲ್ಲಿ ಒಬ್ಬ ಸಾಯುವ ದೃಶ್ಯ ಗಟ್ಟಿಯಾಗಿಯೇ ಇದೆ, ಆದರೆ ಸತ್ತವನಿಗಾಗಿ ಜನ ಅಳುತ್ತಾರೆ, ಮಣ್ಣು ಮಾಡುತ್ತಾರೆ. ಇವೆರಡೂ ದಾಟಿದರೆ ಲಿಯೋನೆ. ‘ದಿ ವೈಲ್ಡ್ ಬಂಚ್’ ಮಾತ್ರ ದೊಡ್ಡವರಾಗುವವರೆಗೆ ಮುಚ್ಚಿಡಿ. ಅದು ಶುರುವಾಗುವುದೇ ಚೇಳನ್ನು ಇರುವೆಗಳ ನಡುವೆ ಬಿಟ್ಟು ನಗುವ ಮಕ್ಕಳಿಂದ.

8. ತೋರಿಸುವ ದಿನ

ಹಗಲು ಹೊತ್ತು, ಭಾನುವಾರ ಬೆಳಗ್ಗೆ ಆದರೆ ಒಳ್ಳೆಯದು. ಮಲಗುವ ಮುಂಚೆ ಬೇಡ. ರಿಮೋಟ್ ಮಗುವಿನ ಕೈಯಲ್ಲಿರಲಿ, "ಸಾಕು ಅನಿಸಿದರೆ ನಿಲ್ಲಿಸು, ಕಾರಣ ಕೇಳಲ್ಲ" ಅಂತ ಮೊದಲೇ ಹೇಳಿ. ಕೇಳಲೂಬೇಡಿ. ಕಣ್ಣು ಮುಚ್ಚಿಸುವ ಅಭ್ಯಾಸ ಬಿಡಿ, ಸದ್ದು ಕೇಳುತ್ತಲೇ ಇರುತ್ತದೆ, ಉಳಿದದ್ದನ್ನು ಕಲ್ಪನೆ ತುಂಬಿಸಿಕೊಳ್ಳುತ್ತದೆ. ಮರಳುಗಾಡಿನ ಭಾಗ ಮುಗಿದ ಮೇಲೆ ಒಂದು ಬಿಡುವು ಕೊಡಿ, ಮಿಕ್ಕದ್ದು ಮಧ್ಯಾಹ್ನ. ಬೇರೆ ಮನೆಯ ಮಕ್ಕಳೂ ಕೂರುವುದಾದರೆ ಅವರ ಅಪ್ಪ-ಅಮ್ಮನಿಗೆ ಒಂದು ಫೋನ್ ಮಾಡಿ.

ನಡುನಡುವೆ ತೆರೆಯ ಹಿಂದಿನ ಕಥೆ ಹೇಳಿ, ಬಿಗಿ ಸಡಿಲವಾಗುತ್ತದೆ. ಯುದ್ಧದ ಭಾಗದಲ್ಲಿ ಸಿಡಿಯುವ ಆ ಸೇತುವೆ ಕಟ್ಟಿದ್ದು ಸ್ಪೇನಿನ ಸೈನಿಕರು. ಕ್ಯಾಮೆರಾ ಓಡುವ ಮೊದಲೇ ತಪ್ಪಾಗಿ ಸ್ಫೋಟಿಸಿಬಿಟ್ಟರು, ಮತ್ತೆ ಕಟ್ಟಬೇಕಾಯಿತು! ಕೊನೆಯ ದುಂಡನೆಯ ಸ್ಮಶಾನವೂ ಸೈನಿಕರು ಮಾಡಿಕೊಟ್ಟ ಸೆಟ್ಟೇ, ಸಾವಿರಾರು ಸುಳ್ಳು ಗೋರಿ. ಹುಲ್ಲು ಬೆಳೆದು ಮುಚ್ಚಿಹೋಗಿದ್ದ ಆ ಜಾಗವನ್ನು 2015ರಿಂದ ಅಭಿಮಾನಿಗಳು ಗುದ್ದಲಿ ಹಿಡಿದು ಅಗೆದು ಮತ್ತೆ ಹೊರತೆಗೆದರು. ನನ್ನ ಮಗನಿಗೆ ಸಿನಿಮಾಕ್ಕಿಂತ ಈ ಕಥೆ ಜಾಸ್ತಿ ಇಷ್ಟವಾಯಿತೇನೋ.

9. ಮುಗಿದ ಮೇಲೆ

ಪಾಠ ಶುರು ಮಾಡಬೇಡಿ. "ಯಾರ ಬಗ್ಗೆ ಪಾಪ ಅನ್ನಿಸ್ತು?" ಅಂತ ಒಂದೇ ಪ್ರಶ್ನೆ, ಅದೂ ಊಟದ ಹೊತ್ತಿಗೆ, ಸುಮ್ನೆ. ನನ್ನ ಮಗ ಸ್ವಲ್ಪ ಯೋಚಿಸಿ, ಸಾಯುತ್ತಿರುವ ಒಬ್ಬ ಸೈನಿಕನ ಬಗ್ಗೆ ಹೇಳಿದ, ಸಿನಿಮಾದಲ್ಲಿ ಹೆಸರೇ ಇಲ್ಲದವನು ಅವನು. ಈಸ್ಟ್‌ವುಡ್ ತನ್ನ ಕೋಟು ಹೊದಿಸಿ ಒಂದು ದಮ್ ಎಳೆಯಲು ಚುಟ್ಟಾ ಕೊಡುತ್ತಾನಲ್ಲ, ಅವನು. ಆಗ ನನಗೆ ಗೊತ್ತಾಯಿತು, ಇವನಿಗೆ ಸಿನಿಮಾ ದಕ್ಕಿದೆ. "ಯಾರೂ ಇಲ್ಲ, ಸೂಪರ್ ಫೈಟ್" ಅಂತ ಉತ್ತರ ಬಂದರೆ ಗಾಬರಿ ಬೇಡ, ಆದರೆ ಮುಂದಿನ ಕೌಬಾಯ್ ಸಿನಿಮಾಕ್ಕೆ ಸ್ವಲ್ಪ ಗ್ಯಾಪ್ ಕೊಡಿ.

‘ಬೇಡ’ ಅಂತ ತೀರ್ಮಾನಿಸಿದರೆ, ಬರೀ ಬೇಡ ಅನ್ನಬೇಡಿ, ಯಾವಾಗ ಅಂತ ಹೇಳಿ. ಇಲ್ಲದಿದ್ದರೆ ಗೆಳೆಯನ ಮೊಬೈಲಿನಲ್ಲಿ ತುಂಡು ತುಂಡಾಗಿ ನೋಡಿಕೊಂಡು ಬರುತ್ತಾರೆ. ಅಕ್ಕನ ಮಗನಿಗೆ, 14 ತುಂಬಿದ ಮೇಲೆ ನಾನೇ ಜೊತೆಗೆ ಕೂತು ತೋರಿಸುತ್ತೇನೆ ಅಂತ ಮಾತು ಕೊಟ್ಟಿದ್ದೇನೆ. ರಜೆ ಮುಗಿದು ಊರಿಗೆ ಹೊರಟ ದಿನ ಬಸ್ ಸ್ಟ್ಯಾಂಡಿನಲ್ಲಿ ಅವನೇ ಮತ್ತೆ ಮಾತು ತೆಗೆದ.

"ಮಾಮ, ಆ ಹುಡುಗ ಇದಾನಲ್ಲ, ಅವನು ಕತ್ತೆ ಹತ್ತಿಕೊಂಡು ಅಜ್ಜಿ ಮನೆಗೆ ಹೋದ."

"ಹೌದಾ? ಯಾರು ಹೇಳಿದ್ರು?"

"ನಾನೇ."